ಲ್ಯಾಬ್ ಮೆಷಿನ್ ರಿಪೇರಿಗೆ ನಮ್ಮ ಕೋಲಾರದಲ್ಲೇ ಜನ ಬೇಕು

ಸಂಪಾದಕರಿಗೆ ನಮಸ್ಕಾರ ಸಾರ್,

ನಾನು ಕೋಲಾರ ಜಿಲ್ಲೆಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ 31 ವರ್ಷ ಕೆಲಸ ಮಾಡಿ ರಿಟೈರ್ ಆದವನು. ಈಗ್ಲೂ ಯಾವ್ದಾದ್ರೂ ಲ್ಯಾಬಿಂದ ಫೋನ್ ಬಂದ್ರೆ ಮನೇಲಿ ಕೂರಕ್ಕಾಗಲ್ಲ, ಸ್ಕ್ರೂಡ್ರೈವರ್ ಮಲ್ಟಿಮೀಟರ್ ಬ್ಯಾಗಿಗೆ ಹಾಕ್ಕೊಂಡು ಹೋಗ್ತೀನಿ. ಹೋದ ತಿಂಗಳು ಹಿಂಗೇ ಒಂದು ಕಡೆ ಹೋಗಿದ್ದೆ, ಯಾವ ಆಫೀಸು ಅಂತ ಬರೆಯಲ್ಲ, ಅಲ್ಲಿರೋರನ್ನ ದೂರೋದು ನನ್ನ ಉದ್ದೇಶ ಅಲ್ಲ. ಮಣ್ಣು ಟೆಸ್ಟ್ ಮಾಡೋ ಫ್ಲೇಮ್ ಫೋಟೋಮೀಟರ್ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ಅದರ ಮೇಲೆ ಹಳೇ ರಿಜಿಸ್ಟರ್‌ಗಳನ್ನ ಪೇರಿಸಿಟ್ಟಿದ್ರು. "ಆರು ತಿಂಗಳಾಯ್ತು ಸಾರ್ ಕೆಟ್ಟು, ರೀಡಿಂಗ್ ನಿಲ್ಲೋದೇ ಇಲ್ಲ, ಕಂಪನಿಯೋರು ಕೊಟೇಶನ್ ಕಳ್ಸವ್ರೆ, ಇನ್ನೂ ಮಂಜೂರಾಗಿಲ್ಲ" ಅಂದ ಅಲ್ಲಿನ ಹುಡುಗ. ಕವರ್ ತೆಗೆದು ನೋಡಿದ್ರೆ ದ್ರಾವಣ ಎಳ್ಕೊಳ್ಳೋ ಸಣ್ಣ ಟ್ಯೂಬು, ನೆಬ್ಯುಲೈಸರ್ ಕ್ಯಾಪಿಲರಿ ಅಂತೀವಲ್ಲ, ಅದು ಕಟ್ಕೊಂಡಿತ್ತು ಅಷ್ಟೇ. ಸರಿಯಾಗಿ ಫಿಲ್ಟರ್ ಮಾಡದೆ ಇರೋ ಮಣ್ಣಿನ ದ್ರಾವಣ ಎಳೆದೂ ಎಳೆದೂ ಉಪ್ಪು ಮಣ್ಣು ಎರಡೂ ಸೇರ್ಕೊಂಡು ಗಟ್ಟಿಯಾಗಿತ್ತು. ಮೆಷಿನ್ ಜೊತೆ ಬಂದಿದ್ದ ತೆಳು ತಂತಿ ಡ್ರಾಯರಲ್ಲೇ ಪ್ಯಾಕೆಟ್ ಒಡೀದೆ ಬಿದ್ದಿತ್ತು. ತಂತಿ ಆಡಿಸಿ, ಬಿಸಿ ಡಿಸ್ಟಿಲ್ಡ್ ವಾಟರ್ ಎಳೆಸಿ, ಡ್ರೈನ್ ಪೈಪಲ್ಲಿ ನಿಂತಿದ್ದ ಕೊಳೆ ತೆಗೆದು, ಪೊಟ್ಯಾಶಿಯಂ ಎಷ್ಟಿದೆ ಅಂತ ಮೊದಲೇ ಗೊತ್ತಿರೋ ಸ್ಟ್ಯಾಂಡರ್ಡ್ ದ್ರಾವಣ ಇಟ್ಟು ನೋಡಿದ್ರೆ ರೀಡಿಂಗ್ ಕಲ್ಲು ನಿಂತಂಗೆ ನಿಂತ್ಕೊಳ್ತು. ಎಲ್ಲಾ ಸೇರಿ 40 ನಿಮಿಷ.

ಆ ಹುಡುಗನ ಮುಖ ನೋಡಿ ನನಗೆ ಖುಷಿಗಿಂತ ಸಂಕಟ ಜಾಸ್ತಿ ಆಯ್ತು. ಆರು ತಿಂಗಳು ಸಾರ್. ಆ ಆರು ತಿಂಗಳಲ್ಲಿ ಮಣ್ಣು ತಂದುಕೊಟ್ಟ ರೈತರಿಗೆ ಪೊಟ್ಯಾಶ್ ಎಷ್ಟಿದೆ ಅಂತ ಹೇಳೋರಿಲ್ಲ, ಟೊಮೆಟೊ ಹಾಕೋರು ಅಂಗಡಿಯೋನು ಹೇಳಿದಷ್ಟು ಗೊಬ್ಬರ ಸುರಿದು ದುಡ್ಡು ಕಳ್ಕೊಂಡಿರ್ತಾರೆ. ಅವತ್ತು ರಾತ್ರೀನೇ ಈ ಪತ್ರ ಬರಿಯಕ್ಕೆ ಕೂತೆ.

ನಮ್ಮ ಜಿಲ್ಲೇಲಿ ಕಾಲೇಜು ಲ್ಯಾಬು, ನೀರಿನ ಲ್ಯಾಬು, ಮಣ್ಣಿನ ಲ್ಯಾಬು, ಹಾಲಿನ ಲ್ಯಾಬು ಎಲ್ಲಾ ಕಡೆ ಮೆಷಿನ್ ತರೋಕೆ ಗ್ರಾಂಟ್ ಹೆಂಗೋ ಬರುತ್ತೆ, ಟೇಪ್ ಕಟ್ ಮಾಡಿ ಫೋಟೋನೂ ತೆಗೀತಾರೆ, ಆದ್ರೆ ಅದನ್ನ ನೋಡ್ಕೊಳ್ಳೋಕೆ ಮನುಷ್ಯನೂ ಇಲ್ಲ ಬಜೆಟ್ಟೂ ಇಲ್ಲ. ವಾರಂಟಿ ಮುಗಿದ ದಿನದಿಂದ ಲೆಕ್ಕ ಶುರು. ಒಂದು 20 ಲಕ್ಷದ ಮೆಷಿನ್ ಅಂತ ಇಟ್ಕೊಳ್ಳಿ, ವರ್ಷದ ಸರ್ವಿಸ್ ಕಾಂಟ್ರಾಕ್ಟ್‌ಗೆ ಅದರ ಬೆಲೆಯ 8 ಪರ್ಸೆಂಟ್ ಅಂತ ಹಿಡಿದ್ರೂ 1,60,000 ಆಯ್ತು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 1,88,800. ಐದು ವರ್ಷಕ್ಕೆ 9,44,000, ಅಂದ್ರೆ ಮೆಷಿನ್ ಬೆಲೆಯ ಹತ್ತತ್ರ ಅರ್ಧ. ಕೆಮಿಕಲ್ ತರೋಕೇ ಪರದಾಡೋ ಕಾಲೇಜು ಇದನ್ನ ಎಲ್ಲಿಂದ ತರುತ್ತೆ? ತರಲ್ಲ. ಕಾಂಟ್ರಾಕ್ಟ್ ಬಿಡ್ತಾರೆ, ಕೆಟ್ಟಾಗ ನೋಡೋಣ ಅಂತಾರೆ, ಕೆಟ್ಟಾಗ ಬೆಂಗಳೂರಿಂದ ಇಂಜಿನಿಯರ್ ಬಂದು ಬಾಗಿಲು ತಟ್ಟಿದ್ದಕ್ಕೇ ವಿಸಿಟ್ ಚಾರ್ಜು, ಸ್ಪೇರ್ ಪಾರ್ಟ್‌ಗೆ ಬೇರೆ, ಆಮೇಲೆ ಮೆಷಿನ್ ಮೂಲೆಗೆ.

ಇದರಲ್ಲಿ ಎಷ್ಟೋ ಖರ್ಚು ಬರದೇ ಇರೋಹಂಗೆ ಮಾಡಬಹುದು. ನಾನು ಪುಸ್ತಕ ಓದಿ ಹೇಳ್ತಿಲ್ಲ, ಪೆಟ್ಟು ತಿಂದು ಕಲ್ತಿದ್ದು ಹೇಳ್ತಿದೀನಿ.

ನಮ್ಮ ಕಾಲೇಜಿನ ಯುವಿ ಸ್ಪೆಕ್ಟ್ರೋಫೋಟೋಮೀಟರ್, ಅಂದ್ರೆ ದ್ರಾವಣದೊಳಗೆ ಬೆಳಕು ಹಾಯಿಸಿ ಅದರಲ್ಲಿ ಏನು ಎಷ್ಟಿದೆ ಅಂತ ಅಳೆಯೋ ಮೆಷಿನ್, ಒಂದೇ ವರ್ಷದಲ್ಲಿ ಎರಡು ಸಲ ಬೋರ್ಡ್ ಸುಟ್ಕೊಳ್ತು. ಎರಡು ಸಲಾನೂ ಹೊಸಾ ಬೋರ್ಡ್ ಹಾಕಿ ಬಿಲ್ ಕೊಟ್ಟು ಹೋದ್ರು, ಯಾಕೆ ಸುಡ್ತು ಅಂತ ಬಂದೋರು ಕೇಳ್ಲಿಲ್ಲ, ನಾವೂ ಕೇಳ್ಲಿಲ್ಲ. ಮೂರನೇ ಸಲ ರೀಡಿಂಗ್ ಓಡಾಡೋಕೆ ಶುರು ಆದಾಗ ನಮ್ಮ ಕಾಲೇಜಿನ ಎಲೆಕ್ಟ್ರಿಷಿಯನ್ ಒಬ್ಬರು, ಓದಿದ್ದು ಐಟಿಐ, ಬಂದು ಸಾಕೆಟ್‌ನಲ್ಲಿ ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ಮಧ್ಯೆ ಮೀಟರ್ ಇಟ್ರು, 14 ವೋಲ್ಟ್ ತೋರಿಸ್ತು. ಅದು 2-3 ವೋಲ್ಟ್ ಒಳಗೆ ಇರಬೇಕು. "ಸಾರ್, ಅರ್ಥ್ ಗುಂಡಿ ಒಣಗೈತೆ" ಅಂದ್ರು. ಹಿಂದೆ ಹೊಂಗೆಮರದ ಹತ್ರ ಇದ್ದಿಲು ಉಪ್ಪು ಹಾಕಿ ತೋಡಿದ್ದ ಗುಂಡಿ, ಎಷ್ಟೋ ವರ್ಷದಿಂದ ಯಾರೂ ತಿರುಗಿ ನೋಡಿಲ್ಲ, ಏಪ್ರಿಲ್ ತಿಂಗಳು ಬೇರೆ. ನಮ್ಮ ಕೋಲಾರದ ನೆಲ ಗೊತ್ತಲ್ಲ, ಸಾವಿರ ಅಡಿ ಬೋರ್ ಹಾಕಿದ್ರೂ ನೀರಿಗೆ ಬಾಯಿ ಬಿಡೋ ಜಾಗ, ಆ ಗುಂಡೀಲಿ ತೇವ ಎಲ್ಲಿಂದ ಬರಬೇಕು? ಅವರು ನಾಲ್ಕು ಬಿಂದಿಗೆ ನೀರು ಹುಯ್ದು, ಹೊಸಾ ಉಪ್ಪು ಇದ್ದಿಲು ತುಂಬಿ, ತುಕ್ಕು ಹಿಡಿದ ಕ್ಲಾಂಪ್ ಬದಲಾಯಿಸಿದ್ರು. ಮಾರನೇ ದಿನ ವೋಲ್ಟೇಜ್ ಎರಡಕ್ಕೆ ಇಳೀತು, ರೀಡಿಂಗ್ ಓಡಾಟ ನಿಂತೋಯ್ತು. ಅವತ್ತಿಂದ ಫೆಬ್ರವರಿಯಿಂದ ಮಳೆ ಹಿಡಿಯೋತನಕ ವಾರಕ್ಕೊಂದ್ಸಲ ಗುಂಡಿಗೆ ನೀರು ಹಾಕೋದು ಅಂತ ಕ್ಯಾಲೆಂಡರ್ ಮೇಲೆ ಬರೆದಿಟ್ವಿ, ನಾನು ರಿಟೈರ್ ಆಗೋತನಕ ಆ ಮೆಷಿನ್‌ಗೆ ಮತ್ತೆ ಬೋರ್ಡ್ ಹಾಕಲಿಲ್ಲ. ನಮ್ಮ ಬಯಲುಸೀಮೆ ಲ್ಯಾಬ್‌ಗಳಲ್ಲಿ ಯುಪಿಎಸ್ ಸ್ಟೆಬಿಲೈಸರ್‌ಗೆ ಲಕ್ಷಗಟ್ಟಲೆ ಹಾಕ್ತಾರೆ, ಅರ್ಥ್ ಗುಂಡಿಗೆ ಒಂದು ಬಿಂದಿಗೆ ನೀರು ಹಾಕಲ್ಲ. ಇದನ್ನ ಓದಿದ ಯಾರೇ ಲ್ಯಾಬಿನೋರಿರಲಿ, ನಾಳೆ ಬೆಳಗ್ಗೆ ಮೊದಲು ಇದನ್ನ ಚೆಕ್ ಮಾಡಿಸಿ.

ಇನ್ನೊಂದು, ಇದು ನನ್ನದೇ ತಪ್ಪು, ಒಪ್ಕೋತೀನಿ. ಎಚ್‌ಪಿಎಲ್‌ಸಿ, ಅಂದ್ರೆ ದ್ರಾವಣನ ಪಂಪ್‌ನಿಂದ ಕಾಲಂ ಅನ್ನೋ ಕೊಳವೆಯೊಳಗೆ ನೂಕಿ ಅಂಶಗಳನ್ನ ಬೇರೆ ಮಾಡೋ ಮೆಷಿನ್, ಬಂದ ಹೊಸದರಲ್ಲಿ ದಸರಾ ರಜೆಗೆ ಹೋಗೋ ಆತುರದಲ್ಲಿ ಫಾಸ್ಫೇಟ್ ಬಫರ್ ಅನ್ನೋ ಉಪ್ಪಿನ ದ್ರಾವಣನ ಪಂಪ್‌ನಲ್ಲೇ ಬಿಟ್ಟು ಆಫ್ ಮಾಡಿ ಹೋದೆ. ಹತ್ತು ದಿನ ಆದ್ಮೇಲೆ ಬಂದ್ರೆ ಪಂಪ್ ಹೆಡ್ ಸುತ್ತ ಬೆಳ್ಳಗೆ ಉಪ್ಪು ಹೂ ಬಿಟ್ಟಂಗೆ ಬಿಟ್ಟಿತ್ತು. ಗೊತ್ತಾಗದೆ ಆನ್ ಮಾಡಿದೆ, ಆ ಹರಳು ಸಫೈರ್ ಪಿಸ್ಟನ್ನ ಗೀರಿ ಸೀಲ್ ಹರೀತು, ಚೆಕ್ ವಾಲ್ವ್ ಕಚ್ಕೊಳ್ತು, ಕಾಲಂ ಕಟ್ಕೊಳ್ತು. ಬಿಲ್ ಬಂದಿದ್ದು ನನ್ನ ಆಗಿನ ಎರಡು ತಿಂಗಳ ಸಂಬಳದಷ್ಟು. ಪ್ರಿನ್ಸಿಪಾಲರು ಬೈಯಲಿಲ್ಲ, ಬೈದಿದ್ರೇ ಚೆನ್ನಾಗಿತ್ತು ಅನ್ನಿಸ್ತು ನನಗೆ. ಮಾಡಬೇಕಿದ್ದ ಕೆಲಸ ಅರ್ಧ ಗಂಟೇದು: ಬಫರ್ ಬಾಟಲ್ ತೆಗೆದು, ಸ್ವಲ್ಪ ಮೆಥನಾಲ್ ಬೆರೆಸಿದ ಶುದ್ಧ ನೀರು ಓಡಿಸಿ ಉಪ್ಪೆಲ್ಲಾ ತೊಳೆದು, ಆಮೇಲೆ ಮೆಥನಾಲ್ ಜಾಸ್ತಿ ಇರೋದನ್ನ ತುಂಬಿಸಿಡೋದು. ಬಫರ್ ಇರೋವಾಗ ನೇರವಾಗಿ ಪೂರ್ತಿ ಅಸಿಟೋನೈಟ್ರೈಲ್ ದ್ರಾವಕ ಬಿಡಬಾರದು, ಒಳಗೇ ಉಪ್ಪು ಕೂತ್ಬಿಡುತ್ತೆ. 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸದೆ ಏನನ್ನೂ ಒಳಗೆ ಕಳಿಸಬಾರದು, ಮುಂದೆ ಒಂದು ಗಾರ್ಡ್ ಕಾಲಂ ಅನ್ನೋ ಸಣ್ಣ ಕಾಲಂ ಹಾಕಿದ್ರೆ ದೊಡ್ಡ ಕಾಲಂ ಉಳಿಯುತ್ತೆ. ಇದನ್ನ ಮೆಷಿನ್ ಕೂರಿಸೋಕೆ ಬಂದಾಗ ಇಂಜಿನಿಯರ್ ಹೇಳಿರ್ತಾರೆ, ಆದ್ರೆ ಹೇಳಿದ್ದು ಯಾರಿಗೆ? ಅವತ್ತು ನಿಂತ್ಕೊಂಡಿದ್ದ ಪ್ರೊಫೆಸರ್‌ಗೆ. ದಿನಾ ಸ್ವಿಚ್ ಹಾಕೋನು ಹೊರಗಡೆ ಟೀ ತರೋಕೆ ಹೋಗಿರ್ತಾನೆ.

ಲ್ಯಾಂಪ್ ವಿಷಯ ಹೇಳಲೇಬೇಕು. ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಸಾಮಾನ್ಯವಾಗಿ ಎರಡು ಲ್ಯಾಂಪ್, ಒಂದು ಟಂಗ್‌ಸ್ಟನ್, ಇನ್ನೊಂದು ನೇರಳಾತೀತ (ಯುವಿ) ಬೆಳಕಿಗೆ ಬೇಕಾಗೋ ದುಬಾರಿ ಡ್ಯುಟೀರಿಯಂ, ಅದರ ಆಯಸ್ಸು 1000ದಿಂದ 2000 ಗಂಟೆ. ಬೆಳಗ್ಗೆ ಬಂದು ಆನ್ ಮಾಡಿ ಸಂಜೆ ಆಫ್ ಮಾಡಿದ್ರೆ ದಿನಕ್ಕೆ 8 ಗಂಟೆ, 125 ದಿನಕ್ಕೆ 1000 ಗಂಟೆ ಖಾಲಿ. ಆದ್ರೆ ನಾವು ನೋಡೋದೇನು? ಸ್ಪ್ಯಾಡ್ನ್ಸ್ ಅನ್ನೋ ಬಣ್ಣದ ವಿಧಾನದಲ್ಲಿ ಫ್ಲೋರೈಡ್ 570 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ, ಮಣ್ಣಿನ ರಂಜಕ ನೀಲಿ ಬಣ್ಣ ಮಾಡಿ 882ರಲ್ಲಿ. ಇದಕ್ಕೆ ಟಂಗ್‌ಸ್ಟನ್ ಒಂದೇ ಸಾಕು, ಡ್ಯುಟೀರಿಯಂ ಸುಮ್ನೆ ಉರೀತಿರುತ್ತೆ. ತುಂಬಾ ಮೆಷಿನ್‌ಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಅದೊಂದನ್ನೇ ಆಫ್ ಮಾಡಬಹುದು. ನೈಟ್ರೇಟ್‌ಗೆ 220 ನ್ಯಾನೋಮೀಟರ್‌ನ ಯುವಿ ಬೆಳಕು ಬೇಕು, ಆಗ ಡ್ಯುಟೀರಿಯಂ ಬೇಕೇಬೇಕು, ಆದ್ರೆ ನೈಟ್ರೇಟ್ ಸ್ಯಾಂಪಲ್ ಎಲ್ಲಾ ಸೇರಿಸಿ ವಾರಕ್ಕೆ ಎರಡು ದಿನ ಮಾಡಿದ್ರೆ ಆಯ್ತು. ಗಂಟೆಗೊಂದ್ಸಲ ಆನ್ ಆಫ್ ಮಾಡೋದೂ ತಪ್ಪು, ಪ್ರತಿ ಸಲ ಹೊತ್ಕೊಳ್ಳೋವಾಗ ಲ್ಯಾಂಪ್ ಸವೀತದೆ.

ಪಿಎಚ್ ಎಲೆಕ್ಟ್ರೋಡ್‌ನ ಡಿಸ್ಟಿಲ್ಡ್ ವಾಟರ್‌ನಲ್ಲಿ ಮುಳುಗಿಸಿ ಇಡೋದನ್ನ ಹೋದ ಕಡೆಯೆಲ್ಲಾ ನೋಡ್ತೀನಿ, ಎಲ್ಲಾ ಕಡೆ ಹೇಳಿ ಹೇಳಿ ಸಾಕಾಗಿದೆ, ಅದು ಎಲೆಕ್ಟ್ರೋಡ್ ಒಳಗಿನ ಉಪ್ಪನ್ನ ಎಳೆದು ಸಾಯಿಸುತ್ತೆ. 100 ಎಂಎಲ್ ನೀರಿಗೆ 22.4 ಗ್ರಾಂ ಪೊಟ್ಯಾಶಿಯಂ ಕ್ಲೋರೈಡ್ ಹಾಕಿ, ಅದರಲ್ಲಿಡಿ. ಫ್ಲೋರೈಡ್ ಎಲೆಕ್ಟ್ರೋಡ್ ಮಂಕಾದ್ರೆ ತಕ್ಷಣ ಹೊಸದಕ್ಕೆ ಇಂಡೆಂಟ್ ಹಾಕ್ಬೇಡಿ, ಮೊದಲು ಸ್ಲೋಪ್ ನೋಡಿ, ಹತ್ತುಪಟ್ಟು ಸಾಂದ್ರತೆಗೆ ಸುಮಾರು 59 ಮಿಲಿವೋಲ್ಟ್ ಬರಬೇಕು, ತೀರಾ ಕಮ್ಮಿ ಬಂದ್ರೆ ತುದೀಲಿರೋ ಹರಳನ್ನ ಫ್ಲೋರೈಡ್ ಇರೋ ಟೂತ್‌ಪೇಸ್ಟ್‌ನಲ್ಲಿ ಮೆತ್ತಗೆ ಉಜ್ಜಿ ತೊಳೀಬಹುದು, ಕೆಲವು ಕಂಪನಿ ಮ್ಯಾನುಯಲ್‌ನಲ್ಲೇ ಇದು ಬರೆದಿರುತ್ತೆ. ತಕ್ಕಡಿ ಒಳಗಿನ ಸಿಲಿಕಾ ಜೆಲ್ ನೀಲಿ ಹೋಗಿ ಗುಲಾಬಿ ಆದ್ರೆ ಓವನ್‌ನಲ್ಲಿಟ್ಟು ಒಣಗಿಸಿ ಮತ್ತೆ ಹಾಕಿ. ಗ್ಯಾಸ್ ಸಿಲಿಂಡರ್ ಬೇಗ ಖಾಲಿ ಆಗ್ತಿದ್ರೆ ಜಾಯಿಂಟ್‌ಗೆಲ್ಲಾ ಸೋಪ್ ನೀರು ಹಚ್ಚಿ ಗುಳ್ಳೆ ನೋಡಿ. ಆಪ್ಟಿಕ್ಸ್ ಕನ್ನಡಿಗಳನ್ನ ಮಾತ್ರ ಬಟ್ಟೆ ಇಟ್ಟು ಒರೆಸ್ಬೇಡಿ ದಯವಿಟ್ಟು, ಒಂದು ಸಲ ಒರೆಸಿದ್ರೆ ಕನ್ನಡಿ ಹೋಯ್ತು.

ಎಲ್ಲವನ್ನೂ ನಾವೇ ಬಿಚ್ಚಬೇಕು ಅಂತ ನಾನು ಹೇಳ್ತಿಲ್ಲ. ಹೈ ವೋಲ್ಟೇಜ್ ಇರೋ ಭಾಗ, ಎಕ್ಸ್‌ರೇ ಇರೋದು, ಅಸಿಟಿಲೀನ್ ರೆಗ್ಯುಲೇಟರ್ ಒಳಗಡೆ ಇವಕ್ಕೆ ಕೈ ಹಾಕಬಾರದು. ಕೀಟನಾಶಕದ ಅಂಶ ನೋಡೋ ಕೆಲವು ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಲ್ಲಿ ನಿಕಲ್-63 ಅನ್ನೋ ವಿಕಿರಣ ಇರೋ ಡಿಟೆಕ್ಟರ್ ಇರುತ್ತೆ, ಅದಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿ ನಿಯಮಗಳಿವೆ, ಅದನ್ನ ನಾವು ಬಿಚ್ಚಬಾರದು. ಯಾವುದನ್ನ ನಾವು ಮಾಡಬಹುದು, ಯಾವುದಕ್ಕೆ ಇಂಜಿನಿಯರ್ ಬೇಕು ಅಂತ ಗೋಡೆ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿದ್ರೆ ಅರ್ಧ ಜಗಳ ಮುಗೀತು.

ಈಗ ಹೆದರಿಕೆ ವಿಷಯ. ಲ್ಯಾಬಿನ ಹುಡುಗರಿಗೆ ಗೊತ್ತಿದ್ರೂ ಮುಟ್ಟಲ್ಲ, ಯಾಕೆ ಅಂದ್ರೆ ಮುಟ್ಟಿದ ಮೇಲೆ ಕೆಟ್ರೆ ಅವರ ತಲೆಗೆ ಕಟ್ತಾರೆ, ಮುಟ್ಟದೆ ಕೆಟ್ರೆ ಯಾರೂ ಕೇಳಲ್ಲ. ಇನ್ನು ಮೇಲಿನೋರು "ಎನ್‌ಎಬಿಎಲ್ ಮಾನ್ಯತೆ ಬೇಕಂದ್ರೆ ಕಂಪನಿಯೋರೇ ಸರ್ವಿಸ್ ಮಾಡಬೇಕು" ಅಂತಾರೆ. ಎನ್‌ಎಬಿಎಲ್ ಅಂದ್ರೆ ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ಮಂಡಳಿ, ಅದು ನೋಡೋದು ಐಎಸ್‌ಒ 17025 ಅನ್ನೋ ಸ್ಟ್ಯಾಂಡರ್ಡ್. ಆ ಸ್ಟ್ಯಾಂಡರ್ಡ್, 2017ರದ್ದು, ನಾನು ಕೂತು ಓದಿದೀನಿ, ತಯಾರಿಸಿದ ಕಂಪನೀನೇ ರಿಪೇರಿ ಮಾಡಬೇಕು ಅಂತ ಅದರಲ್ಲಿ ಇಲ್ಲ. ಕ್ಯಾಲಿಬ್ರೇಶನ್, ಅಂದ್ರೆ ಅಳತೆ ತಾಳೆ ನೋಡೋದು, ಸರಿಯಾಗಿ ಆಗಿರಬೇಕು, ಕೆಟ್ಟ ಮೆಷಿನ್ನ ಪಕ್ಕಕ್ಕಿಟ್ಟು ರಿಪೇರಿ ಆದ್ಮೇಲೆ ಸರಿ ಇದೆ ಅಂತ ಪರೀಕ್ಷೆ ಮಾಡಿ ಬಳಸಬೇಕು, ಏನೇನ್ ಮಾಡಿದ್ವಿ ಅಂತ ರೆಕಾರ್ಡ್ ಇರಬೇಕು, ಅದು ಕೇಳೋದು ಇಷ್ಟು. ಒಂದು 200 ಪೇಜಿನ ಲಾಗ್ ಬುಕ್ ಸಾಕು ಅದಕ್ಕೆ.

ಮೆಷಿನ್ ತರೋವಾಗಲೇ ಆಗೋ ತಪ್ಪುಗಳು ಬೇರೆ ಇವೆ. ಟೆಂಡರ್‌ನಲ್ಲಿ ಮೆಷಿನ್ ಬೆಲೆ ಮಾತ್ರ ನೋಡ್ತಾರೆ, ವಾರಂಟಿ ಮುಗಿದ ಮೇಲಿನ ಐದು ವರ್ಷದ ಸರ್ವಿಸ್ ರೇಟನ್ನೂ ಅವತ್ತೇ ಬರೆಸ್ಕೊಂಡು ಎರಡೂ ಕೂಡಿಸಿ ಯಾವುದು ಕಮ್ಮಿ ಅಂತ ನೋಡಬೇಕು, ಯಾಕೆ ಅಂದ್ರೆ ಕೊಂಡ ಮೇಲೆ ನಮಗೆ ಚೌಕಾಸಿ ಮಾಡೋ ಶಕ್ತಿ ಇರಲ್ಲ. ಕಾಂಪ್ರೆಹೆನ್ಸಿವ್, ಅಂದ್ರೆ ಎಲ್ಲಾ ಸೇರಿದೆ, ಅಂತ ದೊಡ್ಡದಾಗಿ ಬರೆದಿರೋ ಕಾಂಟ್ರಾಕ್ಟ್‌ನಲ್ಲೂ ಕೆಳಗೆ ಸಣ್ಣಕ್ಷರದಲ್ಲಿ ಲ್ಯಾಂಪ್, ಎಲೆಕ್ಟ್ರೋಡ್, ಕಾಲಂ, ಸೀಲ್, ಗಾಜಿನ ಸಾಮಾನು ಸೇರಲ್ಲ ಅಂತ ಇರುತ್ತೆ, ಹೆಚ್ಚಾಗಿ ಹೋಗೋದು ಅವೇ. ವರ್ಷದ ದುಡ್ಡು ಮೊದಲೇ ಕೊಡಬಾರದು, ವಿಸಿಟ್ ಆದ್ಮೇಲೆ ಕಂತಲ್ಲಿ ಕೊಡೋಹಂಗೆ ಮಾತಾಡ್ಬೇಕು. ಇನ್ನೊಂದು, ಮೆಷಿನ್ ಜೊತೆಗಿರೋ ಕಂಪ್ಯೂಟರ್! ಒಂದು ಕಡೆ ಮೆಷಿನ್ ಗಟ್ಟಿಮುಟ್ಟಾಗೇ ಇತ್ತು, ಹಾರ್ಡ್ ಡಿಸ್ಕ್ ಹೋಯ್ತು, ಹಳೇ ಸಾಫ್ಟ್‌ವೇರ್ ಸಿಡಿ ಯಾರ ಹತ್ರಾನೂ ಇಲ್ಲ, ಹೊಸಾ ಸಾಫ್ಟ್‌ವೇರ್ ಹೊಸಾ ಕಂಪ್ಯೂಟರ್ ಎರಡೂ ತಗೋಬೇಕು ಅಂದ್ರು, ಅಷ್ಟಕ್ಕೇ ಚೆನ್ನಾಗಿದ್ದ ಮೆಷಿನ್ ಮೂಲೆಗೆ ಹೋಯ್ತು. ಕೂರಿಸಿದ ದಿನಾನೇ ಹಾರ್ಡ್ ಡಿಸ್ಕ್‌ನ ಒಂದು ಪೂರ್ತಿ ಕಾಪಿ ಬೇರೆ ಕಡೆ ಮಾಡಿಟ್ಕೊಂಡಿದ್ರೆ ಆ ಕಷ್ಟ ಬರ್ತಿರಲಿಲ್ಲ.

ಇದೆಲ್ಲಾ ಒಂದೊಂದು ಲ್ಯಾಬ್ ಒಂಟಿಯಾಗಿ ಮಾಡೋದು ಕಷ್ಟ, ಅದಕ್ಕೇ ನಾನು ಕೇಳ್ತಿರೋದು ಜಿಲ್ಲೆಗೆ ಒಂದು ಇನ್‌ಸ್ಟ್ರುಮೆಂಟ್ ರಿಪೇರಿ ಘಟಕ. ದೊಡ್ಡ ಬಿಲ್ಡಿಂಗ್ ಬೇಡ. ಒಂದು ರೂಮು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿರೋ ಇಬ್ಬರು ಹುಡುಗರು, ಒಂದು ಬೈಕು, ಮೀಟರು, ಸೋಲ್ಡರಿಂಗ್ ಸೆಟ್ಟು, ಎಲ್ಲರಿಗೂ ಬೇಕಾಗೋ ಫ್ಯೂಸು ಲ್ಯಾಂಪು ಸೀಲು ಎಲೆಕ್ಟ್ರೋಡ್‌ಗಳ ಸ್ಟಾಕು. ಅವರ ಕೈಲಿ ಆಗದೆ ಇರೋದಕ್ಕೆ ಜಿಲ್ಲೆಯ ಎಲ್ಲಾ ಲ್ಯಾಬ್ ಸೇರಿ ಒಂದೇ ಕಾಂಟ್ರಾಕ್ಟ್ ಮಾಡ್ಕೋಬೇಕು. ಬೆಂಗಳೂರಿಂದ ಇಂಜಿನಿಯರ್ ಒಂದು ಪಿಎಚ್ ಮೀಟರ್‌ಗೋಸ್ಕರ ಕೋಲಾರಕ್ಕೆ, ಮಾರನೇ ದಿನ ಇನ್ನೊಂದಕ್ಕೆ ಮುಳಬಾಗಿಲಿಗೆ, ಮುಂದಿನ ವಾರ ಶ್ರೀನಿವಾಸಪುರಕ್ಕೆ ಬಂದು ಮೂರು ವಿಸಿಟ್ ಚಾರ್ಜ್ ತಗೊಳ್ಳೋ ಬದಲು ತಿಂಗಳಿಗೊಂದು ದಿನ ಗೊತ್ತು ಮಾಡಿ ಬಂಗಾರಪೇಟೆ ಮಾಲೂರು ಎಲ್ಲಾ ಸುತ್ತಿಸಿದ್ರೆ ಖರ್ಚು ಹಂಚಿಹೋಗುತ್ತೆ, ಒಟ್ಟಿಗೆ ಕೇಳಿದ್ರೆ ರೇಟೂ ಇಳಿಸ್ತಾರೆ.

ಇದು ಆಗದೆ ಇರೋ ಮಾತಲ್ಲ. ಆಸ್ಪತ್ರೆ ಮೆಷಿನ್‌ಗಳಿಗೆ ರಾಷ್ಟ್ರೀಯ ಆರೋಗ್ಯ ಮಿಷನ್ 2015ರಲ್ಲೇ ಹಿಂಗೆ ಒಟ್ಟಿಗೆ ನಿರ್ವಹಣೆ ಮಾಡೋ ಕಾರ್ಯಕ್ರಮ ತಂದಿದೆ, ಜಿಲ್ಲಾಸ್ಪತ್ರೆ ಮೆಷಿನ್‌ಗಳು 95 ಪರ್ಸೆಂಟ್ ಸಮಯ ನಡೀತಿರಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದ್ದು 80 ಪರ್ಸೆಂಟ್ ಅಂತ ಗುರಿ ಇಟ್ಟು. ನೀರು ಮಣ್ಣು ನೋಡೋ ಮೆಷಿನ್‌ಗಳಿಗೆ ಯಾಕೆ ಅಂಥದೊಂದು ಗುರಿ ಇಲ್ಲ? ಹಾಗೇ ವರ್ಷಕ್ಕೆ ಇಪ್ಪತ್ತು ಸ್ಯಾಂಪಲ್‌ಗೋಸ್ಕರ ಕೋಟಿ ಬೆಲೆಯ ಮೆಷಿನ್ ತಂದು ಧೂಳು ಹಿಡಿಸೋದು ಬೇಡ, 2020ರ ಜನವರಿಯಲ್ಲಿ ಬೆಂಗಳೂರಿನ ಸೈನ್ಸ್ ಕಾಂಗ್ರೆಸ್‌ನಲ್ಲಿ ಪ್ರಧಾನಿ ಐ-ಸ್ಟೆಮ್ ಪೋರ್ಟಲ್ ಶುರು ಮಾಡಿದ್ರು, ದೊಡ್ಡ ಸಂಸ್ಥೆಗಳಲ್ಲಿರೋ ಮೆಷಿನ್‌ಗಳನ್ನ ಅದರಲ್ಲಿ ಬುಕ್ ಮಾಡಿ ಬಳಸಬಹುದು.

ಜನ ಸಿಗಲ್ಲ ಅನ್ನೋರಿಗೆ ಒಂದು ಮಾತು. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಬಂತು, 2001ರಲ್ಲಿ ಗಣಿ ಮುಚ್ಚೋತನಕ ಅಲ್ಲಿನ ಫಿಟ್ಟರ್ ಎಲೆಕ್ಟ್ರಿಷಿಯನ್‌ಗಳು ನೆಲದೊಳಗೆ ಮೈಲಿಗಟ್ಟಲೆ ಇಳಿದು ಮೆಷಿನ್ ನಡೆಸಿದೋರು. ಅವರ ಮಕ್ಕಳು ಇವತ್ತು ಬೆಳಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗಿ ಯಾರದ್ದೋ ಫ್ಯಾಕ್ಟರಿ ಮೆಷಿನ್ ರಿಪೇರಿ ಮಾಡಿ ರಾತ್ರಿ ವಾಪಸ್ ಬರ್ತಾರೆ. ಅವರಲ್ಲಿ ಇಬ್ಬರಿಗೆ ಊರಲ್ಲೇ ಕೆಲಸ ಕೊಡೋಕಾಗಲ್ವಾ?

ನಾನು ಇಷ್ಟು ಒದ್ದಾಡೋಕೆ ಕಾರಣ ನೀರು ಸಾರ್. ಕುಡಿಯೋ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಾಗ 1.5ರ ತನಕ ಅಂತ ಭಾರತೀಯ ಮಾನಕ ಸಂಸ್ಥೆ ಬಿಐಎಸ್ ಹೇಳುತ್ತೆ. ನಮ್ಮ ಕಡೆ, ಆಚೆ ಬಾಗೇಪಲ್ಲಿ, ಪಾವಗಡದ ಕಡೆ ಎಷ್ಟು ಬೋರ್‌ವೆಲ್‌ಗಳು ಅದನ್ನ ದಾಟಿವೆ ಅಂತ ಹಳ್ಳಿ ಮಕ್ಕಳ ಹಲ್ಲು ನೋಡಿದ್ರೇ ಗೊತ್ತಾಗುತ್ತೆ. 2018ರಿಂದ ಕೆಸಿ ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ಕಳಿಸೋದು, ನಮ್ಮ ಕೆರೆಗಳಿಗೆ ಬರ್ತಿದೆ, ಅದರಲ್ಲಿ ಏನಿದೆ ಏನಿಲ್ಲ ಅಂತ ಜನ ಕೇಳ್ತಾನೇ ಇದಾರೆ, ಉತ್ತರ ಕೊಡಬೇಕಾದ್ದು ಮೆಷಿನ್ನು. ನನ್ನ ಸರ್ವಿಸ್‌ನಲ್ಲಿ ಒಂದು ಸಲ ನಾಲ್ಕು ತಿಂಗಳು ನಮ್ಮ ಫ್ಲೋರೈಡ್ ಮೀಟರ್ ಕೆಟ್ಟು ಕೂತಿತ್ತು, ಒಬ್ಬ ತಾಯಿ ಎರಡು ಸಲ ಬಾಟಲ್‌ನಲ್ಲಿ ನೀರು ಹಿಡ್ಕೊಂಡು ಬಂದು "ಇನ್ನೂ ಸರಿ ಹೋಗಿಲ್ವಾ ಸಾರ್" ಅಂತ ಕೇಳಿ ವಾಪಸ್ ಹೋದ್ರು, ಮೂರನೇ ಸಲ ಬರಲಿಲ್ಲ. ಆ ಮೀಟರ್‌ಗೆ ಬೇಕಾಗಿದ್ದು ಒಂದು ಕೇಬಲ್ಲು.

ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತಿಯೋರಿಗೆ ನಿಮ್ಮ ಪತ್ರಿಕೆ ಮೂಲಕ ನನ್ನ ಕೋರಿಕೆ ಇಷ್ಟೇ: ಘಟಕ ಆಮೇಲಾಗಲಿ, ಮೊದಲು ಒಂದು ಪಟ್ಟಿ ಮಾಡಿಸಿ. ಜಿಲ್ಲೆಯ ಸರ್ಕಾರಿ, ಅನುದಾನಿತ ಲ್ಯಾಬ್‌ಗಳಲ್ಲಿ ಯಾವ ಮೆಷಿನ್ ಯಾವತ್ತಿಂದ ನಿಂತಿದೆ, ಏನಾಗಿದೆ, ಕೊಟೇಶನ್ ಎಷ್ಟು ಅಂತ ಒಂದೇ ಹಾಳೆಯಲ್ಲಿ ಬರಲಿ. ಆ ಪಟ್ಟಿ ಹಿಡ್ಕೊಂಡು ಲ್ಯಾಬ್ ಲ್ಯಾಬ್‌ಗೆ ಹೋಗೋಕೆ ನಾನು ರೆಡಿ ಇದೀನಿ, ನನ್ನ ಹಾಗೆ ರಿಟೈರ್ ಆದ ಇನ್ನೂ ಮೂರ್ನಾಲ್ಕು ಜನ ಒಪ್ಪಿದಾರೆ, ದುಡ್ಡೇನೂ ಬೇಡ, ಹೋಗೋ ಬರೋ ಬಸ್ ಚಾರ್ಜ್ ನಮ್ದೇ. ಜೊತೆಗೆ ಕಲಿಯೋಕೆ ಇಬ್ಬರು ಹುಡುಗರನ್ನ ಕಳಿಸಿಕೊಡಿ.

ಇಂತಿ,
ಒಬ್ಬ ನಿವೃತ್ತ ಲ್ಯಾಬ್ ಇನ್‌ಸ್ಟ್ರಕ್ಟರ್,
ಕೋಲಾರ